ಒಣಹಾಕಿದ ಕೋಟುಗಳು ಗೆದ್ದ ಕದನ

ಮಾನ್ಯ ಯುದ್ಧ ಸ್ಮಾರಕ ಇಲಾಖೆಯ ನಿರ್ದೇಶಕರೇ,

ನಡೆಯದೇ ಇದ್ದ ಕದನವೊಂದಕ್ಕೆ ಸ್ಮಾರಕ ಕಟ್ಟುವ ಸಲುವಾಗಿ ನೀವು ನಮ್ಮ ಅಜ್ಜಿಯ ಬಯಲನ್ನು ಕೇಳಿದ್ದೀರಿ. ನದಿಯ ಉತ್ತರ ದಂಡೆಯಲ್ಲಿ, ನಮ್ಮ ಲಾಂಡ್ರಿಯ ಹಿಂದೆ, ಬಟ್ಟೆ ಒಣಹಾಕುವ ಬಯಲು ಅದು. ಬಯಲು ಹೋದರೆ ಲಾಂಡ್ರಿ ಹೋಗುತ್ತದೆ, ಲಾಂಡ್ರಿ ಹೋದರೆ ನಮ್ಮ ಅನ್ನ ಹೋಗುತ್ತದೆ. ನಿಮ್ಮ ನೋಟಿಸಿನಲ್ಲಿ ಅದನ್ನು ‘ಪವಿತ್ರ ರಣಭೂಮಿ’ ಎಂದು ಕರೆದಿದ್ದೀರಿ. ನಾವು ಅಲ್ಲಿ ಹೋಟೆಲುಗಳ ಬೆಡ್‌ಶೀಟು, ಆಸ್ಪತ್ರೆಯ ಪರದೆ, ಬಸ್ ಕಂಡಕ್ಟರುಗಳ ಪ್ಯಾಂಟು ಒಣಹಾಕುತ್ತೇವೆ. ಇಷ್ಟು ವರ್ಷ ಪವಿತ್ರ ಭೂಮಿಯ ಮೇಲೆ ಒದ್ದೆ ದಿಂಬಿನ ಕವರುಗಳನ್ನು ನೇತುಹಾಕಿದ್ದಕ್ಕೆ ಮನೆಯವರೆಲ್ಲರ ಪರವಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಮಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಕದನ ನಡೆದದ್ದು ನದಿಗೂ ಗೊತ್ತಿಲ್ಲ.

ನಾನು ಈ ಲಾಂಡ್ರಿ ಮನೆಯ ಸೊಸೆ. ಮದುವೆಯಾಗಿ ಇನ್ನೂ ಎರಡು ತಿಂಗಳು. ‘ನನ್ನ ಗಂಡ’ ಎಂದು ಬರೆಯುವಾಗ ಈಗಲೂ ಪೆನ್ನು ಒಂದು ಕ್ಷಣ ನಿಂತು ನಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ. ಅಜ್ಜಿ ಎಂದರೆ ನನ್ನ ಗಂಡನ ಅಜ್ಜಿ, ಮಾವನ ತಾಯಿ. ಬಯಲು ಅವರಿಗೆ ಅವರ ತಾಯಿಯಿಂದ ಬಂದದ್ದು, ಈಗಲೂ ಅವರ ಹೆಸರಿನಲ್ಲೇ ಇದೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮನೆಮಾತಿನಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರದ ತಪ್ಪುಗಳನ್ನು ಗಂಡ ತಿದ್ದಿದ್ದಾರೆ. ಸಿಟ್ಟನ್ನು ತಿದ್ದಲು ನಾನು ಬಿಟ್ಟಿಲ್ಲ.

ನಿಮ್ಮ ಕದನ ನನಗೆ ಬಾಯಿಪಾಠ ಇತ್ತು, ಸಾರ್. ಇಲಾಖೆಯೇ ಬರೆಸಿದ ಪಾಠ: ‘ಆ ಮುಂಜಾನೆ ನಮ್ಮ ವೀರರು ತೋಳಿಗೆ ತೋಳು ಬೆಸೆದು ಮಾನವ ಗೋಡೆಯಾಗಿ ನಿಂತರು. ಗುಂಡಿನ ಸುರಿಮಳೆಗೂ ಒಬ್ಬನೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ, ಒಬ್ಬನ ಬಾಯಿಂದಲೂ ಉದ್ಗಾರ ಹೊರಡಲಿಲ್ಲ.’ ಎಂಥ ಸಾಲುಗಳು! ನಮ್ಮ ಶಾಲೆಯಲ್ಲಿ ಇದನ್ನು ನಾಟಕ ಮಾಡಿಸಿದ್ದರು. ನಾನು ಎಡದಿಂದ ಮೂರನೆಯ ಸೈನಿಕ. ತೋಳು ಚಾಚಿ ಅಲುಗದೆ ನಿಲ್ಲಬೇಕು, ಅಷ್ಟೇ ನನ್ನ ಪಾತ್ರ. ಭುಜ ಸೋತು ಕಣ್ಣಲ್ಲಿ ನೀರು ಬಂತು. ಸಭೆಯಲ್ಲಿದ್ದವರು ಅದನ್ನು ದೇಶಪ್ರೇಮ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮನುಷ್ಯರು ಅಷ್ಟು ಹೊತ್ತು ತೋಳು ಚಾಚಿ ನಿಲ್ಲುವುದು ಹೇಗೆ, ತೋಳಿಗೆ ತೋಳು ಬೆಸೆದವರು ಬಂದೂಕು ಹಿಡಿಯುವುದು ಯಾವ ಕೈಯಲ್ಲಿ ಎಂದು ಆಗ ನಾನೂ ಕೇಳಲಿಲ್ಲ, ಟೀಚರೂ ಕೇಳಲಿಲ್ಲ. ಕದನ ಎಂಬ ಪದ ಬಂದ ಕೂಡಲೇ ನಾವೆಲ್ಲ ಪ್ರಶ್ನೆಗಳನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಒಳಗೆ ಹೋಗುತ್ತೇವೆ.

ಉತ್ತರ ಸಿಕ್ಕಿದ್ದು ಮದುವೆಯಾದ ಮೊದಲ ವಾರ. ನನ್ನ ಗಂಡ (ನೋಡಿ, ಮತ್ತೆ ನಗು) ನನಗೆ ಬಯಲಿನಲ್ಲಿ ಉಣ್ಣೆ ಕೋಟು ಒಣಹಾಕುವುದನ್ನು ಕಲಿಸುತ್ತಿದ್ದರು. ಈ ಮನೆಯದು ಬೇರೆಯೇ ಪದ್ಧತಿ. ದಪ್ಪ ಕೋಟನ್ನು ಹಗ್ಗದ ಮೇಲೆ ಹೇರುವುದಿಲ್ಲ, ಹೇರಿದರೆ ಕಂಕುಳು ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಉದ್ದನೆಯ ಬಿದಿರು ಗಳ ತೂರಿಸಿ, ಗುಂಡಿ ಹಾಕಿ, ಎರಡು ಕಂಬಗಳ ನಡುವೆ ಇಡಬೇಕು. ಒಂದೇ ಗಳದಲ್ಲಿ ಮೂರೋ ನಾಲ್ಕೋ ಕೋಟು, ಒಂದರ ತೋಳು ಇನ್ನೊಂದರ ತೋಳಿಗೆ ತಾಗಿಕೊಂಡು. ಒಂದು ಶಾಲೆಯ ಚಳಿಗಾಲದ ಕೋಟುಗಳನ್ನೆಲ್ಲ ಹಾಗೆ ಸಾಲಾಗಿ ಹಾಕಿ ನಾವು ಹಿಂದೆ ಸರಿದು ನಿಂತೆವು. ನನಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ, ಥೇಟ್ ನಮ್ಮ ಸ್ಕೂಲ್ ನಾಟಕ! ತೋಳಿಗೆ ತೋಳು! ಮಾನವ ಗೋಡೆ!”

ಗೋಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕ್ಲಿಪ್ಪು ಆರಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು: “ನಾಟಕ ಅಲ್ಲ ಮಗಳೇ. ಅದೇ ಇದು.”

ಆ ಯುದ್ಧದ ವರ್ಷ ಅಜ್ಜಿಗೆ ಹದಿನಾಲ್ಕು. ನಮ್ಮ ದಂಡೆಯಲ್ಲಿ ಸೈನ್ಯದ ಒಂದು ತುಕಡಿ ಶಾಲೆಯ ಕಟ್ಟಡದಲ್ಲಿ ತಂಗಿತ್ತು. ಅವರಿಗೆ ಕುಡಿಯುವ ನೀರು ಗುಡ್ಡದ ಮೇಲಿನ ಟ್ಯಾಂಕಿನಿಂದ. ಟ್ಯಾಂಕು ಕೆಟ್ಟಿತ್ತು, ನೀರು ನಾರುತ್ತಿತ್ತು. ಟ್ಯಾಂಕು ತೊಳೆಸಿ, ಔಷಧಿ ಕಳಿಸಿ ಎಂದು ತುಕಡಿಯ ಡಾಕ್ಟರು ಸರಬರಾಜು ಅಧಿಕಾರಿಗೆ ಹೇಳಿಕಳಿಸಿದರು, ಮತ್ತೆ ಹೇಳಿಕಳಿಸಿದರು. ಯುದ್ಧದ ಹೊತ್ತಿನಲ್ಲಿ ಇಂಥ ಸಣ್ಣಪುಟ್ಟ ವಿಷಯ ತರಬೇಡಿ ಎಂದು ಉತ್ತರ ಬಂತು. ವಾಂತಿಭೇದಿ ಶುರುವಾಯಿತು. ಬೆಂಚು ಜೋಡಿಸಿ ಮಲಗಿಸಿದ್ದ ಹುಡುಗರು ಒಬ್ಬೊಬ್ಬರಾಗಿ ಸತ್ತರು. ಬದುಕಿದವರನ್ನು ಲಾರಿಯಲ್ಲಿ ದೂರದ ಆಸ್ಪತ್ರೆಗೆ ಸಾಗಿಸಿದರು. ಸತ್ತವರ ಉಣ್ಣೆ ಕೋಟುಗಳನ್ನು ನಮ್ಮ ಲಾಂಡ್ರಿಗೆ ತಂದು ಸುರಿದರು. ಹೊಸದಾಗಿ ಬರುವ ಹುಡುಗರಿಗೆ ತೊಡಿಸಬೇಕಂತೆ. ಮನುಷ್ಯರು ಹೋದರೆ ಹೋಗಲಿ, ಕೋಟು ಹಾಳಾಗಬಾರದಲ್ಲ.

ಅಜ್ಜಿ ಮತ್ತು ಅವರ ತಾಯಿ ಅವನ್ನೆಲ್ಲ ತೊಳೆದು ಗಳಗಳಿಗೆ ತೂರಿಸಿ ಒಣಹಾಕಿದರು. ಟೋಪಿಗಳನ್ನು ಕಂಬದ ತುದಿಗೆ ಸಿಕ್ಕಿಸಿದರು. ಸಂಜೆಯಾದರೂ ಉಣ್ಣೆ ಒಣಗಲಿಲ್ಲ, ಹಾಗೇ ಬಿಟ್ಟರು. ಬೆಳಿಗ್ಗೆ ನದಿಯ ಮೇಲೆ ಮಂಜು. ಎದುರು ದಂಡೆಯಲ್ಲಿ ಶತ್ರುಸೈನ್ಯ ಬೀಡುಬಿಟ್ಟಿತ್ತು. ಮಂಜು ಕರಗುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಇಷ್ಟೇ ಕದನ. ಒಂದು ಗುಂಡೂ ಹಾರಲಿಲ್ಲ. ಒಬ್ಬನೂ ಹಿಂದೆ ಸರಿಯಲಿಲ್ಲ ಎಂದು ನೀವು ಬರೆದದ್ದು ನೂರಕ್ಕೆ ನೂರು ನಿಜ. ಹೇಗೆ ಸರಿಯುತ್ತಾರೆ? ಗಳಕ್ಕೆ ತೂರಿಸಿದ್ದರು. ಉದ್ಗಾರ ಹೊರಡಲಿಲ್ಲ ಎಂಬುದೂ ನಿಜ. ಉಣ್ಣೆ ಎಲ್ಲಾದರೂ ಕೂಗುತ್ತದೆಯೇ?

ಕುತೂಹಲಕ್ಕೆ ನಾನು ಎದುರು ದಂಡೆಯವರ ಇತಿಹಾಸವನ್ನೂ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಅಲ್ಲಿ ಏನಿದೆ ಗೊತ್ತೇ? ‘ಉತ್ತರ ದಂಡೆಯಲ್ಲಿ ಭಾರೀ ಸೈನ್ಯ ಭುಜಕ್ಕೆ ಭುಜ ಕೊಟ್ಟು ನಿಂತಿತ್ತು. ನಮ್ಮ ಸೇನಾಪತಿ ದೂರದೃಷ್ಟಿಯಿಂದ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡರು.’ ಅವರ ಸೇನಾಪತಿಗೂ ಒಂದು ಪ್ರತಿಮೆ ಇದೆಯಂತೆ, ದೂರಕ್ಕೆ ಕಣ್ಣು ನೆಟ್ಟ ಭಂಗಿಯಲ್ಲಿ. ಗಡಿ, ನದಿ, ಯುದ್ಧ ಶುರುಮಾಡಿದ್ದು ಯಾರು, ಯಾವುದರಲ್ಲೂ ಒಮ್ಮತವಿಲ್ಲದ ಎರಡು ದೇಶಗಳ ಇತಿಹಾಸಕಾರರು ಒಪ್ಪಿಕೊಂಡಿರುವ ಏಕೈಕ ಸತ್ಯ ಎಂದರೆ ನಮ್ಮ ಅಜ್ಜಿ ಒಣಹಾಕಿದ ಬಟ್ಟೆ.

ನಾವೇನು ಕಡಿಮೆ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೂ ಒಂದು ಇತಿಹಾಸ ಇಲಾಖೆ ಇದೆ. ಅದರ ನಿರ್ದೇಶಕರು ನನ್ನ ಮಾವ. ಅವರ ಪ್ರಕಾರ ಅವರ ಅಜ್ಜಿ, ಅಂದರೆ ನಮ್ಮ ಅಜ್ಜಿಯ ತಾಯಿ, ಶತ್ರುವನ್ನು ಹೆದರಿಸಲೆಂದೇ ಯುದ್ಧತಂತ್ರ ಹೂಡಿ ಕೋಟುಗಳನ್ನು ನಿಲ್ಲಿಸಿದರು. ಗಿರಾಕಿಗಳಿಗೆಲ್ಲ ಇದನ್ನೇ ಹೇಳುತ್ತಾರೆ. ಕಳೆದ ವಾರ ಒಬ್ಬರಿಗೆ ಹೇಳುವಾಗ ಸೇನಾಪತಿ ಕುದುರೆಯಿಂದ ಬಿದ್ದ ವಿವರವೂ ಸೇರಿತ್ತು.

“ತೆಪ್ಪಗಿರೋ,” ಎಂದರು ಅಜ್ಜಿ ಒಳಗಿನಿಂದ. “ನಮ್ಮಮ್ಮನಿಗೆ ಇದ್ದ ಚಿಂತೆ ಒಂದೇ, ಒಣಗುತ್ತೋ ಇಲ್ವೋ ಅಂತ. ಆ ದಂಡೆಯವರು ಯಾಕೆ ಹೋದ್ರೋ ಯಾರಿಗೊತ್ತು? ಅವರ ಹತ್ರಾನೂ ಊಟ ಮುಗಿದಿತ್ತೇನೋ.”

ನಾನಂತೂ ಆ ಹೊತ್ತಿಗೆ ‘ದೇಶ ಉಳಿಸಿದ ಅಗಸಗಿತ್ತಿ’ ಎಂದು ದೊಡ್ಡಕ್ಷರದ ಪೋಸ್ಟರ್ ಬರೆದು, ಅಜ್ಜಿಯನ್ನು ಕೋಟುಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಯುವ ತಯಾರಿಯಲ್ಲಿದ್ದೆ. ಅಜ್ಜಿ ಪೋಸ್ಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ನೀನೂ ಶುರು ಹಚ್ಚಿಕೊಂಡ್ಯಾ?” ಎಂದರು. ನಾನು ಪೋಸ್ಟರ್ ಮಡಚಿಟ್ಟೆ. ಯುದ್ಧದ ಕಥೆ ಎಷ್ಟು ಬೇಗ ಮನುಷ್ಯರನ್ನು ಹಿಡಿದುಕೊಳ್ಳುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಹಾಗಾಗಿ ನಿಮ್ಮ ಕಷ್ಟ ನನಗೆ ಸ್ವಲ್ಪ ಅರ್ಥವಾಗುತ್ತದೆ. ಸ್ವಲ್ಪ ಮಾತ್ರ.

ನೋಟಿಸು ಬಂದ ಮೇಲೆ ನಾವಿಬ್ಬರು ಅಜ್ಜಿಯನ್ನು ಕರೆದುಕೊಂಡು ನಿಮ್ಮ ಸಂಗ್ರಹಾಲಯಕ್ಕೆ ಹೋದೆವು. (ಜೋಡಿಗಳಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಧನ್ಯವಾದಗಳು.) ಮಧ್ಯದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಒಂದು ಕೋಟು, ಮೇಲೆ ಕೆಂಪು ದೀಪ. ನಿಮ್ಮ ಗೈಡ್ ಕೋಲಿನಿಂದ ಗಾಜು ಮುಟ್ಟಿ ದನಿ ತಗ್ಗಿಸಿದರು.

“ಎದೆಯ ಎಡಭಾಗ ಗಮನಿಸಿ. ಶತ್ರುವಿನ ಗುಂಡು ನೇರವಾಗಿ ಹೃದಯಕ್ಕೆ.”

ಅಜ್ಜಿ ಗಾಜಿಗೆ ಮೂಗು ತಾಗಿಸಿ ನೋಡಿದರು. “ಹುಳ ತಿಂದಿದೆ.”

“ಏನಂದ್ರಿ ಅಜ್ಜಿ?”

“ಹುಳ ಅಪ್ಪಾ, ಹುಳ. ಉಣ್ಣೇನ ಬಿಸಿಲಿಗೆ ಹಾಕದೆ ಹೀಗೆ ಮುಚ್ಚಿಟ್ರೆ ಇನ್ನೇನಾಗುತ್ತೆ?”

“ಅದು ಗುಂಡಿನ ತೂತು ಅಜ್ಜಿ. ಕೆಳಗೆ ಬರೆದಿದೆ ನೋಡಿ.”

ಅಜ್ಜಿ ಪೆಟ್ಟಿಗೆಯನ್ನು ಸುತ್ತುಹಾಕಿ ಹಿಂದಕ್ಕೆ ಹೋದರು. “ಬೆನ್ನಲ್ಲಿ ಇನ್ನೂ ಮೂರಿದೆಯಲ್ಲಪ್ಪಾ. ಇವೂ ಗುಂಡೇನಾ? ಹಾಗಾದ್ರೆ ಪಾಪ, ಓಡಿಹೋಗ್ತಿದ್ನಾ ಹುಡುಗ?”

ಗೈಡ್ ಆಚೀಚೆ ನೋಡಿದರು. ಒಂದು ಶಾಲೆಯ ಮಕ್ಕಳ ಸಾಲು ಒಳಗೆ ಬರುತ್ತಿತ್ತು. “ದಯವಿಟ್ಟು ಮುಂದಿನ ಕೋಣೆಗೆ ನಡೀರಿ,” ಎಂದರು. ಮುಂದಿನ ಕೋಣೆಯಲ್ಲಿ ‘ಉತ್ತರ ದಂಡೆಯ ಸಿಂಹ’ದ ಆಳೆತ್ತರದ ಚಿತ್ರ. ಮೀಸೆ, ಕತ್ತಿ, ಹಿಂದೆ ಹೊಗೆ. ಅಜ್ಜಿ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಆ ಸಿಂಹ ಬೇರೆ ಯಾರೂ ಅಲ್ಲ, ಟ್ಯಾಂಕು ತೊಳೆಸದ ಸರಬರಾಜು ಅಧಿಕಾರಿ ಎಂದರು. ಆವತ್ತು ಅವರು ಈ ದಂಡೆಯಲ್ಲೇ ಇರಲಿಲ್ಲ. ಆ ಚಿತ್ರದಲ್ಲಿ ಹೊಗೆ ಇದೆ, ನೀರಿನ ಟ್ಯಾಂಕು ಇಲ್ಲ.

ನಿರ್ದೇಶಕರೇ, ನಾನು ನಗುವುದನ್ನು ನಿಲ್ಲಿಸಿದ್ದು ಅಲ್ಲಿ. ಅದುವರೆಗೆ ಇದು ಒಂದು ತಮಾಷೆ ಎಂದುಕೊಂಡಿದ್ದೆ: ಒದ್ದೆ ಕೋಟಿಗೆ ಹೆದರಿ ಓಡಿದ ಸೈನ್ಯ. ಆದರೆ ಲೆಕ್ಕ ಹಾಕಿ ನೋಡಿ. ಶತ್ರು ಹೋದ ಸುದ್ದಿ ಮೇಲಿನವರಿಗೆ ತಲುಪಿತು. ಶತ್ರು ಹೋಗಿದ್ದಾನೆ ಎಂದರೆ ಯಾರೋ ಓಡಿಸಿರಬೇಕು, ಓಡಿಸಿದ್ದಾರೆ ಎಂದರೆ ಕದನ ನಡೆದಿರಬೇಕು. ಕದನ ಇದ್ದ ಮೇಲೆ ಹುತಾತ್ಮರು ಬೇಕು. ಹುತಾತ್ಮರು ಬೇಕೆನ್ನುವಾಗ ಶಾಲೆಯ ಹಿಂದಿನ ಗುಂಡಿಗಳಲ್ಲಿ ಶವಗಳು ಸಿದ್ಧವಾಗಿಯೇ ಇದ್ದವು. ಒಂದೇ ಏಟಿಗೆ ಎಲ್ಲರಿಗೂ ಅನುಕೂಲ! ಭೇದಿಯಿಂದ ಸತ್ತವರು ಗುಂಡಿನಿಂದ ಸತ್ತವರಾದರು. ಅವರನ್ನು ಕೊಂದ ನಿರ್ಲಕ್ಷ್ಯ ಅವರನ್ನು ಮುನ್ನಡೆಸಿದ ಶೌರ್ಯವಾಯಿತು. ಟ್ಯಾಂಕು ಯಾಕೆ ತೊಳೆಸಲಿಲ್ಲ ಎಂದು ಕೇಳಬೇಕಾದ ಊರು ಚಪ್ಪಾಳೆ ತಟ್ಟಿತು. ಭೇದಿಯಿಂದ ಒಂದು ತುಕಡಿ ಸತ್ತರೆ ತನಿಖೆ ಆಗಬೇಕು, ಯಾರಾದರೂ ಕೆಲಸ ಕಳೆದುಕೊಳ್ಳಬೇಕು. ಅದೇ ತುಕಡಿ ಕದನದಲ್ಲಿ ಸತ್ತರೆ ವರ್ಷಕ್ಕೊಂದು ಭಾಷಣ ಸಾಕು.

ನಿಮ್ಮ ಪಠ್ಯಪುಸ್ತಕವನ್ನು ಮತ್ತೆ ತೆರೆದೆ. ಅಧ್ಯಾಯಗಳೆಲ್ಲ ಯುದ್ಧಗಳ ಹೆಸರಿನವು. ಮೊದಲ ಯುದ್ಧ, ಎರಡನೆಯ ಯುದ್ಧ, ದಂಡೆಯ ಕದನ. ನಡುವೆ ಇಡೀ ಒಂದು ತಲೆಮಾರು ಶಾಂತಿಯಿಂದ ಬದುಕಿದ್ದಕ್ಕೆ ಅರ್ಧ ಪುಟ, ಅದರಲ್ಲೂ ಕಾಲುಭಾಗ ನಕ್ಷೆ. ಆ ತಲೆಮಾರಿನ ಜನ ಏನು ಮಾಡುತ್ತಿದ್ದರು? ನಿಮ್ಮ ಪುಸ್ತಕದ ಪ್ರಕಾರ ಮುಂದಿನ ಯುದ್ಧಕ್ಕೆ ಕಾಯುತ್ತಿದ್ದರು. ಬಟ್ಟೆ ಒಗೆದವರು, ಸೇತುವೆ ಕಟ್ಟಿದವರು, ನೀರು ಕಾಯಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿಕೊಂಡು ಹೋದ ನರ್ಸುಗಳು, ಯಾರೂ ಇಲ್ಲ. ನೀರು ಕಾಯಿಸುವುದಕ್ಕೆ ಪ್ರತಿಮೆ ಮಾಡಲು ಬರುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಒಂದು ವಿಷಯವನ್ನು ಯಾರಾದರೂ ಇತಿಹಾಸ ಎಂದು ಬರೆದಿದ್ದರೆ, ಮುಂದಿನ ಸರಬರಾಜು ಅಧಿಕಾರಿಗೆ ಟ್ಯಾಂಕು ಸಣ್ಣಪುಟ್ಟ ವಿಷಯವಾಗಿ ಕಾಣುತ್ತಿತ್ತೇ?

ಭೂಮಿಯ ವಿಚಾರಣೆಗೂ ಹೋದೆವು. ನಿಮ್ಮ ಅಧಿಕಾರಿ ಸಜ್ಜನರು, ಅಜ್ಜಿಗೆ ಕುರ್ಚಿ ಹಾಕಿಸಿ ಚಹಾ ತರಿಸಿದರು. ಅಜ್ಜಿ ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು, “ಅಜ್ಜಿ, ಕದನ ನಡೀಲಿಲ್ಲ ಅಂದ್ರೆ ಪ್ರತಿ ವರ್ಷ ಆ ದಿನ ರಜೆ ಯಾಕೆ ಕೊಡ್ತಾರೆ?” ಎಂದರು. ನಾವು ಮೂವರೂ ನಮಸ್ಕಾರ ಹೇಳಿ ಎದ್ದೆವು. ಇಂಥ ವಾದಕ್ಕೆ ಎದುರು ವಾದ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅಜ್ಜಿ ಇನ್ನೊಂದು ವಿಷಯ ಹೇಳಿದರು. ಅದನ್ನು ಮಾವನಿಗೂ ಅದುವರೆಗೆ ಹೇಳಿರಲಿಲ್ಲ. ಯುದ್ಧ ಮುಗಿದು ಕೆಲವು ವರ್ಷಗಳ ಮೇಲೆ ನಿಮ್ಮ ಇಲಾಖೆ ಸತ್ತ ಸೈನಿಕರ ತಾಯಂದಿರನ್ನು ಬಸ್ಸಿನಲ್ಲಿ ಕರೆತಂದು ಒಂದೊಂದು ಪದಕ ಕೊಟ್ಟಿತು. ಭಾಷಣ ನಡೆಯುತ್ತಿರುವಾಗ ಒಬ್ಬ ತಾಯಿ ಎದ್ದು ನಮ್ಮ ಬಯಲಿಗೆ ಬಂದರು. ಮಗ ಬಿದ್ದ ಜಾಗ ಇದೇನಾ ಎಂದು ಹುಲ್ಲು ಮುಟ್ಟಿ ನೋಡಿದರು. ಆಮೇಲೆ ಬಟ್ಟೆ ಹಾಕುತ್ತಿದ್ದ ಅಜ್ಜಿಯನ್ನು ಕೇಳಿದರು:

“ನೀನು ಆಗ ಇಲ್ಲೇ ಇದ್ಯಂತಲ್ಲಮ್ಮ. ಕೊನೇಲಿ ಅವನಿಗೆ ಯಾರಾದ್ರೂ ಒಂದು ಗುಟುಕು ನೀರು ಕೊಟ್ಟಿದ್ರಾ?”

ಇದಕ್ಕೆ ಹದಿನೆಂಟರ ಹುಡುಗಿ ಏನು ಉತ್ತರ ಕೊಡಬೇಕಿತ್ತು, ನಿರ್ದೇಶಕರೇ? ನೀವು ಇತಿಹಾಸ ಓದಿದವರು, ಹೇಳಿ. ಅಜ್ಜಿ ಆ ತಾಯಿಯ ಕೈ ಹಿಡಿದುಕೊಂಡು ನಿಂತರಂತೆ. ನಿಮ್ಮ ಕಡೆಯವರು ಬಂದು ಆಕೆಯನ್ನು ಸಾಲಿಗೆ ಕರೆದುಕೊಂಡು ಹೋದರಂತೆ.

ಆವತ್ತು ಮನೆಗೆ ಬಂದ ಮೇಲೆ ಅಜ್ಜಿ ಎಲ್ಲರನ್ನೂ ಕೂರಿಸಿ ತಮ್ಮ ತೀರ್ಮಾನ ಹೇಳಿದರು. ಬಯಲನ್ನು ಕೊಡುತ್ತಾರಂತೆ. ಪರಿಹಾರವೂ ಬೇಡವಂತೆ. ಆದರೆ ಸ್ಮಾರಕದ ಕಲ್ಲಿನ ಮೇಲೆ, ಸೈನಿಕರ ಹೆಸರುಗಳ ಮೇಲ್ಗಡೆ, ಅವರು ಹೇಳಿದ ಮೂರು ಸಾಲು ಇರಬೇಕು.

“ಅಮ್ಮಾ, ನಿನಗೇನು ಹುಚ್ಚಾ?” ಮಾವ ಎದ್ದು ನಿಂತರು. “ನಾವೆಲ್ಲಿ ಬಟ್ಟೆ ಒಣಹಾಕೋದು? ನಿನ್ನ ತಲೆ ಮೇಲಾ?”

“ನಿನಗೆ ಕೈಕಾಲು ಗಟ್ಟಿಯಿದೆ, ಬೇರೆ ಕಡೆ ಹುಡುಕು.”

“ಈ ವಯಸ್ಸಲ್ಲಿ ಬೇರೆ ಕಡೆನಾ?”

“ನನ್ನ ಮುಂದೆ ವಯಸ್ಸಿನ ಮಾತು ಎತ್ತಬೇಡ.”

ಅತ್ತೆ ಅತ್ತರು. ನನ್ನ ಗಂಡ ಹೊರಗೆ ಹೋಗಿ ಗಳಗಳನ್ನು ಜೋಡಿಸತೊಡಗಿದರು. ನಾನು ಅಜ್ಜಿಯ ಕಾಲ ಬಳಿ ಕೂತು, ಬೇಡ ಅಜ್ಜಿ, ಕೋರ್ಟಿಗೆ ಹೋಗೋಣ, ಗೆಲ್ಲುತ್ತೇವೆ ಎಂದು ಗೋಗರೆದೆ. ಈ ಬಯಲಿನಲ್ಲಿ ಬೆಡ್‌ಶೀಟುಗಳ ಸಾಲಿನ ನಡುವೆ ನಡೆದದ್ದೆಲ್ಲವನ್ನೂ ಬಹಿರಂಗ ಪತ್ರದಲ್ಲಿ ಬರೆಯಲಾಗುವುದಿಲ್ಲ. ನನ್ನ ಎರಡು ತಿಂಗಳ ಸಂಸಾರದ ಮುಕ್ಕಾಲು ಸಂತೋಷ ಅಲ್ಲಿದೆ ಎಂದಷ್ಟೇ ತಿಳಿಯಿರಿ. ಅಜ್ಜಿ ನನ್ನ ತಲೆ ಸವರಿ, “ಕೋರ್ಟು ಬಯಲು ಕೊಡಬಹುದು ಮಗಳೇ, ಆ ಸಾಲು ಕೊಡಲ್ಲ,” ಎಂದರು. ನಾನು ಎದ್ದು ಪೆನ್ನು, ಕಾಗದ ತಂದೆ.

ಆದ್ದರಿಂದ ಮನೆಯವರೆಲ್ಲರ ಸಂಕಟವನ್ನು ಬದಿಗಿಟ್ಟು ಅಜ್ಜಿಯ ಷರತ್ತನ್ನು ಊರಿನ ಮುಂದೆ ಇಡುತ್ತಿದ್ದೇನೆ. ಕಲ್ಲಿನ ಮೇಲೆ ಹೀಗೆ ಕೆತ್ತಿಸಿ:

ಇಲ್ಲಿ ಕದನ ನಡೆಯಲಿಲ್ಲ.
ಈ ಹುಡುಗರು ಕೆಟ್ಟ ನೀರು ಕುಡಿದು ಸತ್ತರು.
ನೀರು ಕೆಟ್ಟಿದೆ ಎಂದು ಮೇಲಿನವರಿಗೆ ಗೊತ್ತಿತ್ತು.

ವೀರರು ಎಂಬ ಪದ ಬೇಕೇ ಬೇಕಿದ್ದರೆ ಹಾಕಿಕೊಳ್ಳಿ, ಅಜ್ಜಿಯ ಆಕ್ಷೇಪವಿಲ್ಲ. ಆ ನೀರು ಕುಡಿದುಕೊಂಡು ಅಷ್ಟು ದಿನ ದಂಡೆ ಕಾಯ್ದವರಿಗೆ ಆ ಪದ ಸಲ್ಲುತ್ತದೆ ಎಂದರು. ಹೆಸರುಗಳೆಲ್ಲ ಇರಲಿ, ಒಂದನ್ನೂ ಬಿಡಬೇಡಿ. ನಮ್ಮ ಲಾಂಡ್ರಿಯ ಹೆಸರು ಮಾತ್ರ ಬೇಡ, ಅಜ್ಜಿಯದಂತೂ ಬೇಡವೇ ಬೇಡ.

ವ್ಯವಹಾರ ನಿಮಗೆ ಲಾಭದ್ದೇ. ನದಿಯ ದಂಡೆಯಲ್ಲಿ ಇಷ್ಟು ದೊಡ್ಡ ಬಯಲು ಪುಕ್ಕಟೆ, ಬದಲಿಗೆ ಮೂರು ಸಾಲು ಸತ್ಯ. ಆದರೂ ನೀವು ಒಪ್ಪಲಾರಿರಿ ಎಂದು ನನ್ನ ಗಂಡ ಹೇಳುತ್ತಾರೆ. ಪುಕ್ಕಟೆ ಸಿಗುವುದನ್ನು ಬಿಟ್ಟು, ವಕೀಲರನ್ನಿಟ್ಟು, ಪರಿಹಾರ ಕೊಟ್ಟು, ಪೊಲೀಸರನ್ನು ಕರೆಸಿ ಅದೇ ಬಯಲನ್ನು ತೆಗೆದುಕೊಳ್ಳುತ್ತೀರಂತೆ. ಹಾಗೆ ಮಾಡಿದರೆ, ಆ ಮೂರು ಸಾಲನ್ನು ಬರೆಯದಿರಲು ನಿಮ್ಮ ಇಲಾಖೆ ಎಷ್ಟು ಖರ್ಚು ಮಾಡಲು ತಯಾರಿದೆ ಎಂಬುದು ಊರಿಗೆ ಗೊತ್ತಾಗುತ್ತದೆ. ಅದೂ ಒಂದು ಇತಿಹಾಸವೇ. ಅದನ್ನು ಬರೆಯಲು ನಾವಿದ್ದೇವೆ.

ಉತ್ತರವನ್ನು ಇದೇ ಪತ್ರಿಕೆಯಲ್ಲಿ ಕೊಡಿ, ಎಲ್ಲರೂ ಓದಲಿ. ಸ್ವಲ್ಪ ಬೇಗ ಕೊಡಿ. ಅಜ್ಜಿಯ ಕೈ ಈಚೆಗೆ ನಡುಗುತ್ತದೆ, ಒಂದು ಸಹಿ ಹಾಕಲು ಬಹಳ ಹೊತ್ತು ಬೇಕು.

ಇಂತಿ,
ಬಯಲು ಉಳಿಯಲಿ ಎಂದು ಆಸೆಪಡುತ್ತಲೇ
ನೀವು ಒಪ್ಪಿಕೊಳ್ಳಲಿ ಎಂದು ಬೇಡಿಕೊಳ್ಳುತ್ತಿರುವ,
ಉತ್ತರ ದಂಡೆಯ ಲಾಂಡ್ರಿಯವರ ಹೊಸ ಸೊಸೆ